ನಾನು ಹೈಟಿಯವನಲ್ಲ, ವೊಡೂ ಮನೆಗೆ ಸೇರಬಹುದಾ?

ಇದು ನಾನೇ ಹತ್ತು ವರ್ಷದ ಹಿಂದೆ ಬರೆದ ಪ್ರಶ್ನೆಯೇನೋ ಅನ್ನಿಸಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ವೊಡೂ ಮನೆಗೆ, ಅಂದರೆ ಹೈಟಿಯ ವೊಡೂ ಧರ್ಮದವರು ಸೇರಿ ಪೂಜೆ ಮಾಡುವ ಮನೆಗೆ, ಎರಡು ಸಲ ಹೋಗಿದ್ದೀರಿ. ಎಲ್ಲ ದೇಶದವರೂ ಒಟ್ಟಿಗೆ ಹಾಡಿ ಕುಣಿಯುವುದನ್ನು ನೋಡಿದ್ದೀರಿ. ಮೇಲು ಕೀಳು ಇಲ್ಲದ ಜಾಗ, ನನ್ನಂಥ ಕನ್ನಡದವನಿಗೂ ದೀಕ್ಷೆ ಕೊಡ್ತಾರಾ ಅಂತ ಕೇಳಿದ್ದೀರಿ. ಕೊಡಬಹುದು. ಆದರೆ ಮೇಲು ಕೀಳು ಇಲ್ಲ ಅಂದಿರಲ್ಲ, ಅಲ್ಲೇ ನಾನೂ ಎಡವಿದ್ದು.

ನಾನು ಪುತ್ತೂರಿನ ಕಡೆಯವಳು. ಭೂತಕೋಲ ನೋಡಿಕೊಂಡೇ ಬೆಳೆದವಳು. ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ ಮಾಡುವಾಗ ಹೈಟಿಯ ಗೆಳತಿಯೊಬ್ಬಳು ಸಿಕ್ಕಿದಳು. 2012ರ ನವೆಂಬರಿನಲ್ಲಿ, ಸತ್ತವರ ಹಬ್ಬಕ್ಕೆ, ಫ್ಲ್ಯಾಟ್‌ಬುಷ್‌ನ ಒಂದು ಮನೆಯ ನೆಲಮಾಳಿಗೆಗೆ ಕರೆದುಕೊಂಡು ಹೋದಳು. ತಲೆಗೆ ತಾಗುವಷ್ಟು ತಗ್ಗು ಮಾಡು. ನಡುವೆ ಬಣ್ಣ ಬಳಿದ ಒಂದು ಕಂಬ. ಅದೇ ಪೋಟೊ ಮಿತಾನ್. ಲ್ವಾಗಳು, ಅಂದರೆ ಅವರ ದೈವಗಳು, ಅದರ ಮೂಲಕವೇ ಇಳಿಯುತ್ತವೆ. ಮನೆಯ ಮಾಂಬೊ, ಅಂದರೆ ಪೂಜಾರಿಣಿ, ಜೋಳದ ಹಿಟ್ಟನ್ನು ಬೆರಳ ಸಂದಿಯಿಂದ ಉದುರಿಸುತ್ತಾ ನೆಲದ ಮೇಲೆ ಗೆರೆ ಎಳೆಯುತ್ತಿದ್ದರು. ನನ್ನ ಅಜ್ಜಿ ರಂಗೋಲಿ ಹಾಕುವಾಗ ಮಣಿಕಟ್ಟು ತಿರುಗಿಸುತ್ತಿದ್ದ ಹಾಗೆಯೇ. ಕಣ್ಣಲ್ಲಿ ನೀರು ಬಂತು. ಇದು ನಮ್ಮದೇ ಅಲ್ವಾ ಅಂದುಕೊಂಡುಬಿಟ್ಟೆ.

ಅಲ್ಲಿ ಬಂದವರನ್ನು ಕಂಡು ಇನ್ನೂ ಖುಷಿಯಾಯಿತು. ಟ್ಯಾಕ್ಸಿ ಓಡಿಸುವ ಹೈಟಿಯವರು, ಅಮೆರಿಕದ ದಕ್ಷಿಣದ ಒಬ್ಬ ಕಪ್ಪು ಮೇಷ್ಟ್ರು, ಡೊಮಿನಿಕನ್ ಅಕ್ಕತಂಗಿಯರು, ಗಂಡಸನ್ನು ಪ್ರೀತಿಸಿದ್ದಕ್ಕೆ ಚರ್ಚಿನಿಂದ ಹೊರಬಿದ್ದ ಒಬ್ಬ ಹುಡುಗ. ಪೋಲೆಂಡಿನ ಒಬ್ಬ ಹೆಂಗಸೂ ಇದ್ದರು. ಎಝಿಲಿ ದಾಂತೊ ದೇವಿಯ ಪೀಠದ ಮೇಲೆ ಹೈಟಿಯವರು ಇಡುವ ಪಟ ಪೋಲೆಂಡಿನ ಚೆಸ್ಟೊಹೋವಾದ ಕಪ್ಪು ಮೇರಿಮಾತೆಯದು. 1802ರ ಸುಮಾರಿಗೆ ನೆಪೋಲಿಯನ್ ಕಳಿಸಿದ ಪೋಲಿಷ್ ಸೈನಿಕರ ಜೊತೆ ಆ ಪಟ ಹೈಟಿಗೆ ಬಂತು ಅಂತ ಹೇಳುತ್ತಾರೆ. ಆಕೆ ಅಲ್ಲಿ ತನ್ನ ಅಮ್ಮನ ಮನೆಯ ಪಟವನ್ನೇ ಕಂಡರಂತೆ.

ಇನ್ನೊಂದು ವಿಷಯ ನನ್ನನ್ನು ಪೂರ್ತಿ ಸೆಳೆಯಿತು. ನಮ್ಮಲ್ಲಿ ಕೋಲ ಕಟ್ಟುವುದು ನಲಿಕೆ, ಪಂಬದ, ಪರವ ಸಮುದಾಯದ ಗಂಡಸರು. ಇಲ್ಲಿ ಲ್ವಾ ಯಾರ ಮೈಮೇಲೆ ಬೇಕಾದರೂ ಬರಬಹುದು. ಹೆಂಗಸಿನ ಮೇಲೆ ಗಂಡು ದೈವ, ಗಂಡಸಿನ ಮೇಲೆ ಹೆಣ್ಣು ದೈವ. ಹಾಗಾದರೆ ಇಲ್ಲಿ ಎಲ್ಲರೂ ಒಂದೇ ಅಂತ ತೀರ್ಮಾನ ಮಾಡಿಬಿಟ್ಟೆ.

ಎರಡನೇ ಸಲ ಹೋದದ್ದು 2013ರ ಜುಲೈನಲ್ಲಿ, ದಾಂತೊ ಹಬ್ಬಕ್ಕೆ. ಕೆಳಗೆ ಇಳಿಯಬೇಕಾದರೆ ಅಡುಗೆಮನೆ ದಾಟಬೇಕು. ದಾಂತೊಗೆ ಹಂದಿಮಾಂಸ ಪ್ರೀತಿ. ದೊಡ್ಡ ಬಾಣಲೆಯಲ್ಲಿ ಗ್ರಿಯೊ ಹುರಿಯುತ್ತಿತ್ತು. ಮಾಸಿದ ಅಂಗಿ ಹಾಕಿಕೊಂಡ ಒಬ್ಬ ಮುದುಕಿ ಸೌಟು ಹಿಡಿದು ನಿಂತಿದ್ದರು. ನಾನು ಮೂಗಿಗೆ ಶಾಲು ಹಿಡಿದುಕೊಂಡು ಸರಸರ ದಾಟಿದೆ. ಕೆಳಗೆ ಹೋಗಿ ರೇಷ್ಮೆ ರುಮಾಲು ಕಟ್ಟಿದ್ದ ಮಾಂಬೊಗೆ ಎರಡೂ ಕೈ ಮುಗಿದೆ. ದೀಕ್ಷೆ ಬೇಕು ಅಂತ ಅವತ್ತೇ ಬಾಯಿಬಿಟ್ಟು ಕೇಳಿದೆ.

ಆ ಮುದುಕಿಯೇ ಮಾಂಬೊಗೆ ಅಸೋನ್ ಕೊಟ್ಟವರು. ಅಸೋನ್ ಅಂದರೆ ಪೂಜಾರಿಕೆಯ ಗಿಲಕಿ. ಅಂದರೆ ಮಾಂಬೊಗೇ ಅವರು ಗುರುತಾಯಿ, ಆ ಮನೆಗೆಲ್ಲ ಹಿರಿಯರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೈಟಿಯವರ ಮನೆಗೆ ಕಾಲಿಟ್ಟರೆ ಮೊದಲು ಬೊನ್ಸ್ವಾ, ಅಂದರೆ ಶುಭಸಂಜೆ, ಅನ್ನಬೇಕು. ಎದುರಿಗೆ ಸಿಕ್ಕ ಪ್ರತಿಯೊಬ್ಬರಿಗೂ. ಅದು ಗೊತ್ತಿರಲಿಲ್ಲ ಅಂತ ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ, ಗೆಳತಿ ಹೇಳಿಕೊಟ್ಟಿದ್ದಳು. ಮಾಂಬೊಗೆ ಹೇಳಿದೆ, ಡೋಲು ಬಾರಿಸುವವರಿಗೂ ಹೇಳಿದೆ. ಅಡುಗೆಮನೆಯಲ್ಲಿ ಮಾತ್ರ ಬಾಯಿ ಬರಲಿಲ್ಲ. ಯಾಕೆ? ನಮ್ಮದು ಶಾಕಾಹಾರಿ ಮನೆ. ಮಾಂಸ ಮುಟ್ಟುವವರು, ಪಾತ್ರೆ ತೊಳೆಯುವವರು ಹಿರಿಯರಾಗಿರಲು ಸಾಧ್ಯವಿಲ್ಲ ಅನ್ನುವ ಲೆಕ್ಕ ನನ್ನೊಳಗೆ ಮೊದಲೇ ಕೂತಿತ್ತು. ಮೇಲು ಕೀಳು ಇಲ್ಲದ ಜಾಗ ಹುಡುಕಿಕೊಂಡು ಹೋದವಳು ನಾನೇ ಅದನ್ನು ಒಳಗೆ ಹೊತ್ತುಕೊಂಡು ಹೋಗಿದ್ದೆ. ಆ ಅಮ್ಮನ ಬದುಕು ಎಂಥದ್ದು ಗೊತ್ತಾ? 1941-42ರಲ್ಲಿ ಹೈಟಿಯ ಕ್ಯಾಥೊಲಿಕ್ ಚರ್ಚು ವೊಡೂ ಅಳಿಸಲು ಹೊರಟು ಪೂಜೆಯ ಸಾಮಾನು ಸುಟ್ಟಾಗ ಅವರ ತಾಯಿ ಮನೆಯ ಡೋಲನ್ನು ಬಚ್ಚಿಟ್ಟು ಉಳಿಸಿದವರು. ಸರಕಾರ ಇದನ್ನು ಧರ್ಮ ಅಂತ ಒಪ್ಪಿದ್ದೇ 2003ರಲ್ಲಿ. ಅಂಥವರ ಮುಂದೆ ನಾನು ಮೂಗು ಮುಚ್ಚಿಕೊಂಡು ಹೋದೆ.

ಯಾರೂ ಬೈಯಲಿಲ್ಲ. ಪೆಟ್ಟು ಬಿದ್ದದ್ದು ಗೆಳತಿಗೆ. ಅವಳು ಆ ಮನೆಯ ಉನ್ಸಿ, ದೀಕ್ಷೆಯಾದ ಮಗಳು. ನನ್ನನ್ನು ಕರೆತಂದವಳು ಅವಳೇ ಆದ್ದರಿಂದ ಎಲ್ಲರೆದುರು ಕ್ಷಮೆ ಕೇಳಬೇಕಾಯಿತು. ಆಮೇಲೆ ಒಂದೂವರೆ ವರ್ಷ ನನ್ನನ್ನು ಕರೆಯಲಿಲ್ಲ. ಪಾಳಿಯಲ್ಲಿ ಜೊತೆಗೆ ಕೂತು ಊಟ ಮಾಡುವುದನ್ನೂ ಬಿಟ್ಟಳು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತ ನನಗೆ ಅನ್ನಿಸುತ್ತದೆ. ವೊಡೂ ಹುಟ್ಟಿದ್ದೇ ಬೆರಕೆಯಲ್ಲಿ. ಆಫ್ರಿಕಾದ ದಾಹೋಮಿ, ಯೊರುಬಾ, ಕಾಂಗೊ ಕಡೆಯಿಂದ ಕದ್ದು ತಂದ ಜನರ ದೈವಗಳು ಒಂದೇ ಕಂಬದ ಸುತ್ತ ಸೇರಿದವು. ಆದರೆ ಕಲಸಿಹೋಗಲಿಲ್ಲ. ರಾದಾ, ನಾಗೊ, ಕಾಂಗೊ, ಪೆತ್ವೊ ಅಂತ ಒಂದೊಂದು ಗುಂಪಿಗೂ ಅದರದ್ದೇ ಸರದಿ, ಅದರದ್ದೇ ಡೋಲಿನ ಪೆಟ್ಟು. ಮೊದಲು ಬಾಗಿಲು ಕಾಯುವ ದೈವ ಲೆಗ್ಬಾ ಬಾಗಿಲು ತೆರೆಯಬೇಕು, ಆಮೇಲೆಯೇ ಉಳಿದವರು. ಜನರಿಗೂ ಹಾಗೆಯೇ. ಪೋಲೆಂಡಿನವರು ಬಂದರು, ನೀವು ಬರಬಹುದು. ಆದರೆ ಮೊದಲು ದೀಕ್ಷೆಯಾದವರು ಮೊದಲು. ನಿಮ್ಮ ವಯಸ್ಸು, ಸಂಬಳ, ಬಣ್ಣ ಅಲ್ಲಿ ಲೆಕ್ಕಕ್ಕಿಲ್ಲ.

ದೀಕ್ಷೆಯ ಮಾತು ಈಗ ಎತ್ತಲೇಬೇಡಿ. ಆ ದೀಕ್ಷೆಗೆ ಕಾನ್ಜೊ ಅನ್ನುತ್ತಾರೆ, ಅಂದರೆ ದಿನಗಟ್ಟಲೆ ಕತ್ತಲಕೋಣೆಯಲ್ಲಿ ಮಲಗಿ, ಆ ಮನೆಗೆ ಬದುಕಿಡೀ ಮಗನಾಗುವುದು. ಮೊದಲ ಭೇಟಿಯಲ್ಲೇ ಅದಕ್ಕೆ ದರ ಹೇಳುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಹೈಟಿಯವರ ಭಾಷೆ ಕ್ರೆಯೋಲ್ ಕಲಿಯಿರಿ, ಹೆಚ್ಚಿನ ಹಾಡುಗಳು ಅದರಲ್ಲೇ ಇರುವುದು. "ನಮ್ಮ ಭೂತಾರಾಧನೆ ಥರಾನೇ" ಅಂತ ಯಾರಿಗೂ ಹೇಳಬೇಡಿ. ನೀವು ಹೋದ ಎರಡೂ ಸಲ ಅಡುಗೆ ಮಾಡಿದವರು ಯಾರು ಅಂತ ಗೊತ್ತಾ? ಮೊದಲು ಅದನ್ನು ತಿಳಿದುಕೊಳ್ಳಿ.

2014ರ ಡಿಸೆಂಬರ್ 31ರಂದು ಕರೆಯದೇ ಹೋದೆ. ಹಬ್ಬ ಇರಲಿಲ್ಲ. ಜನವರಿ 1 ಹೈಟಿ ಸ್ವತಂತ್ರವಾದ ದಿನ, 1804ರಿಂದ. ಗುಲಾಮರಾಗಿದ್ದಾಗ ಮುಟ್ಟಲು ಬಿಡದ ಕುಂಬಳಕಾಯಿ ಸಾರನ್ನು ಅವತ್ತು ಮನೆಮನೆಯಲ್ಲೂ ಕುಡಿಯುತ್ತಾರೆ. ಅಮ್ಮ ಒಬ್ಬರೇ ಅಡುಗೆಮನೆಯಲ್ಲಿದ್ದರು. "ಬೊನ್ಸ್ವಾ, ಮಾನ್ಮಾನ್" ಅಂದೆ, ಅಂದರೆ ಅಮ್ಮಾ ಅಂತ. ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಒಂದು ಚಾಕು ಕೊಟ್ಟು, ನೆಲದ ಮೇಲಿದ್ದ ನಾಲ್ಕು ಕುಂಬಳಕಾಯಿಯ ಕಡೆ ಗಲ್ಲ ಎತ್ತಿ ತೋರಿಸಿದರು. ನಮ್ಮ ಮನೆಯಲ್ಲಿ ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯುವುದಿಲ್ಲ. ನಾನು ಸುಮ್ನೆ ಕೂತು ಮೊದಲನೆಯದನ್ನು ಒಡೆದೆ. ಹೋಳು ದೊಡ್ಡದಾಯಿತು ಅಂತ ಅವರು ನನ್ನ ಕೈ ಹಿಡಿದು, ಎಷ್ಟು ದಪ್ಪ ಇರಬೇಕು ಅಂತ ತೋರಿಸಿಕೊಟ್ಟರು.