ಅಮ್ಮನ ದೀಪದ ಹೊತ್ತು ಒಂದೇ ಸಾಲಿಗೆ ಮುಗಿಯಿತಾ?

ನಮಸ್ಕಾರ.

ನಿಮ್ಮ ‘ಹನ್ನೆರಡು ದಿನ, ಏಳು ನಗರ’ ಯೂರೋಪ್ ಪ್ರವಾಸದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಒಂಬತ್ತನೇ ಪುಟದಲ್ಲಿ ಒಂದು ಸಾಲಿದೆ. ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಬೈಯುವುದನ್ನು ಮುಗಿಸಿಬಿಡುತ್ತೇನೆ. ಐಫೆಲ್ ಗೋಪುರ ಕಟ್ಟಿದ್ದು 1889ರಲ್ಲಿ, ಎತ್ತರ 330 ಮೀಟರ್ ಎಂದಿದ್ದೀರಿ. ಸರಿಯಾಗಿದೆ. ಅದಕ್ಕೆ ನಿಮ್ಮ ಲೇಖನ ಯಾಕೆ, ಮೊಬೈಲ್ ಸಾಕಲ್ವಾ? ‘ರಮಣೀಯ’ ಹದಿನಾಲ್ಕು ಸಲ ಬಂದಿದೆ, ಎಣಿಸಿದೆ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಜನರ ತಲೆ ಬಿಟ್ಟರೆ ಏನೂ ಕಾಣಲಿಲ್ಲ ಎನ್ನುತ್ತೀರಿ. ಮುಂದಿನ ಸಾಲಿನಲ್ಲೇ ಮೊನಾಲಿಸಾಳ ನಗು ಮನಸೂರೆಗೊಂಡಿತು ಎನ್ನುತ್ತೀರಿ. ಕಾಣದ ನಗು ಹೇಗೆ ಮನಸೂರೆಗೊಂಡಿತು? ಆ ಚಿತ್ರ ಇರುವುದೇ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ಕಂಡಷ್ಟೇ ಬರೆಯಿರಿ. ನಿರಾಸೆಯಾಗಿದ್ದರೆ ಹಾಗೇ ಹೇಳಿ, ಯಾರೂ ನಗುವುದಿಲ್ಲ. ನಕ್ಕರೂ ಒಳ್ಳೆಯದೇ.

ಜರ್ಮನಿಯ ಕಲೋನ್ ಚರ್ಚನ್ನು ‘632 ವರ್ಷ ಬಿಡದೆ ಕಟ್ಟಿದರು’ ಎನ್ನುವುದು ತಪ್ಪು. 1248ರಲ್ಲಿ ಶುರುವಾಗಿ 1880ರಲ್ಲಿ ಮುಗಿದದ್ದು ನಿಜ. ನಡುವೆ ಮುನ್ನೂರು ವರ್ಷದಷ್ಟು ಕಾಲ ಕೆಲಸವೇ ನಿಂತಿತ್ತು. ಅರ್ಧ ಎದ್ದ ಗೋಪುರದ ನೆತ್ತಿಯ ಮೇಲೆ ಮರದ ಕ್ರೇನ್ ಒಂದು ತಲೆಮಾರುಗಟ್ಟಲೆ ಸುಮ್ನೆ ನಿಂತಿತ್ತು. ಊರಿನ ಹಳೆಯ ಚಿತ್ರಗಳಲ್ಲೂ ಅದು ಕಾಣುತ್ತದೆ. ಅರ್ಧಕ್ಕೆ ನಿಂತ ಫ್ಲೈಓವರ್ ಕೆಳಗೆ ದಿನಾ ಓಡಾಡುವ ಬೆಂಗಳೂರಿನ ಓದುಗರು ಇದನ್ನು ಎಷ್ಟು ಖುಷಿಯಿಂದ ಓದುತ್ತಿದ್ದರು! ನೀವೋ ‘ಇವರ ಶಿಸ್ತು ನಮಗೆ ಯಾವಾಗ ಬರುತ್ತದೋ’ ಎಂದು ನಿಟ್ಟುಸಿರು ಬಿಟ್ಟು ಬಸ್ಸು ಹತ್ತಿದ್ದೀರಿ.

ವೆನಿಸ್‌ನಲ್ಲಿ ಇದ್ದದ್ದು ಮೂರು ಗಂಟೆ. ‘ವಿಪರೀತ ಜನ’ ಎಂದು ಬೈದಿದ್ದೀರಿ. ಹೀಗೆ ಬಂದು ಹಾಗೆ ಹೋಗುವವರು ಜಾಸ್ತಿಯಾದರೆಂದೇ ಆ ಊರು 2024ರಿಂದ ಕೆಲವು ದಿನಗಳಲ್ಲಿ ಒಳಗೆ ಬರಲು ದುಡ್ಡು ತೆಗೆದುಕೊಳ್ಳುತ್ತಿದೆ. ಆ ಜನದಲ್ಲಿ ನೀವೂ ಒಬ್ಬರು. ಅದೂ ಬರಲಿ.

ಈಗ ಆ ಸಾಲು. ‘ಪ್ಯಾರಿಸ್‌ನಲ್ಲಿ ರಾತ್ರಿ ಒಂಬತ್ತಾದರೂ ಬಿಸಿಲು. ದೀಪ ಹಚ್ಚುವ ಹೊತ್ತು ಯಾವುದು ಎಂದು ಅಮ್ಮ ಕೇಳುತ್ತಲೇ ಇದ್ದರು.’ ಅಷ್ಟು ಹೇಳಿ ಸೇನ್ ನದಿಯ ದೋಣಿ ಹತ್ತಿಬಿಟ್ಟಿರಿ!

ಜೂನ್‌ನಲ್ಲಿ ಬೆಂಗಳೂರಿನಲ್ಲಿ ಏಳರೊಳಗೆ ಸೂರ್ಯ ಮುಳುಗುತ್ತಾನೆ. ಅಲ್ಲಿ ಹತ್ತರ ಹತ್ತಿರ. ಊರು ಅಷ್ಟು ಉತ್ತರಕ್ಕಿದೆ, ಸಾಲದ್ದಕ್ಕೆ ಬೇಸಿಗೆಯಲ್ಲಿ ಗಡಿಯಾರವನ್ನೂ ಒಂದು ಗಂಟೆ ಮುಂದಿಡುತ್ತಾರೆ. ಇಷ್ಟು ವರ್ಷ ಮುಸ್ಸಂಜೆಗೆ ದೀಪ ಹಚ್ಚಿದ ಅಮ್ಮ ಅಲ್ಲಿ ಏನು ಮಾಡಿದರು? ಗಡಿಯಾರ ನೋಡಿ ಆರೂವರೆಗೇ ಕೈಮುಗಿದರಾ, ಕತ್ತಲಾಗಲಿ ಎಂದು ಕಾದರಾ? ಬತ್ತಿ, ಎಣ್ಣೆ ಬ್ಯಾಗಿನಲ್ಲಿತ್ತಾ? ಹೋಟೆಲ್ ಕೋಣೆಯಲ್ಲಿ ಹೊಗೆಗೆ ಕೂಗುವ ಅಲಾರಂ ಇರುತ್ತದಲ್ಲ, ಅದರ ಭಯವಿತ್ತಾ?

ಅಲ್ಲಿಂದ ಶುರು ಮಾಡಿ. ಏಳು ನಗರ ಬೇಡ, ಎರಡು ಮೂರು ಸಾಕು. ಅಮ್ಮನ ಹತ್ತಿರ ಕೂತು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಒಂದೂವರೆ ಸಾವಿರ ಪದ ದಾಟಿಸಬೇಡಿ. ಫೋಟೋ 46 ಕಳಿಸಿದ್ದೀರಿ, ಎಲ್ಲದರಲ್ಲೂ ಯಾವುದೋ ಕಟ್ಟಡದ ಮುಂದೆ ನೀವೇ ನಿಂತಿದ್ದೀರಿ. ಅಮ್ಮ ಆ ಹೋಟೆಲಿನ ಕಿಟಕಿ ಹತ್ತಿರ ಕೂತಿರುವುದು ಒಂದಾದರೂ ಇದೆಯಾ?

ಇತಿ,
ಸಂಪಾದಕ