ಅಮೆರಿಕದಲ್ಲಿ ಹಳೆಯ ಲಿವರ್-ಆಕ್ಷನ್ ಬೇಟೆ ರೈಫಲ್‌ಗಳು ಇಷ್ಟು ದುಬಾರಿಯಾದದ್ದು ಏಕೆ?

ಜನ ಬಯಸುವುದು ಮುಚ್ಚಿಹೋದ ಕಾರ್ಖಾನೆಗಳ ಕೋವಿಗಳನ್ನು. ಅವುಗಳ ಸಂಖ್ಯೆ ಇನ್ನು ಹೆಚ್ಚುವುದಿಲ್ಲ. ಲಿವರ್-ಆಕ್ಷನ್ ಎಂದರೆ ಟ್ರಿಗರ್ ಸುತ್ತಲಿನ ಹಿಡಿಯನ್ನು ಕೆಳಗೆ ತಳ್ಳಿ ಮೇಲೆಳೆದರೆ ಮುಂದಿನ ತೋಟಾ ನಳಿಗೆಗೆ ಬರುವ ಕೋವಿ.

ಮಾರ್ಲಿನ್ ಎಂಬ ಕೋವಿ ಕಂಪನಿಯ ಕಥೆಯನ್ನೇ ನೋಡಿ. 2007ರಲ್ಲಿ ಅದನ್ನು ಇನ್ನೊಂದು ಕೋವಿ ಕಂಪನಿ ರೆಮಿಂಗ್ಟನ್ ಕೊಂಡಿತು, 2011ರಲ್ಲಿ ಕನೆಕ್ಟಿಕಟ್‌ನ ಹಳೆಯ ಕಾರ್ಖಾನೆ ಮುಚ್ಚಿತು. ಯಂತ್ರಗಳು ಬೇರೆಡೆಗೆ ಹೋದವು, ಅವುಗಳ ಮರ್ಮ ಬಲ್ಲ ಕೆಲಸಗಾರರು ಹೋಗಲಿಲ್ಲ. ಆಮೇಲೆ ಬಂದ ಕೋವಿಗಳ ಬಗ್ಗೆ ದೂರುಗಳು ಹೆಚ್ಚಿದವು. ನಳಿಗೆಯ ಮೇಲೆ ಹಳೆಯ ಕಾರ್ಖಾನೆಯ ಗುರುತಾದ ‘ಜೆಎಂ’ ಮುದ್ರೆಯಿದ್ದ ಹಳೆಯವಕ್ಕೆ ಬೆಲೆ ಬಂದದ್ದೇ ಹೀಗೆ. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾಗಿ ತಯಾರಿಕೆಯೇ ನಿಂತಿತು. ಮಾರ್ಲಿನ್ ಕೊಂಡ ರೂಗರ್ ಕಂಪನಿ ಮತ್ತೆ ಶುರುಮಾಡಿದ್ದು 2021ರ ಕೊನೆಗೆ. ಆ ನಡುವೆ ಹಳೆಯದು ಬಿಟ್ಟರೆ ಗತಿಯಿರಲಿಲ್ಲ.

ವಿಂಚೆಸ್ಟರ್ ಕಂಪನಿಯ ಲಿವರ್-ಆಕ್ಷನ್ ಮಾದರಿ 94ರಲ್ಲೂ, ತಯಾರಿಕೆಯ ರೀತಿ ಬದಲಾದ 1964ಕ್ಕೆ ಮುಂಚಿನದಕ್ಕೇ ಬೇಡಿಕೆ. ಒಂದು ಕಾಲಕ್ಕೆ ಇವು ರೈತರ ಸಾಧಾರಣ ಕೋವಿಗಳು. ‘ಎಲ್ಲಿ ಹೋಗುತ್ತೆ, ಮುಂದಿನ ವರ್ಷ ಕೊಂಡರಾಯಿತು’ ಎಂದು ಬಿಟ್ಟವರ ಕೊರಗು ನನಗೆ ಚೆನ್ನಾಗಿ ಅರ್ಥವಾಗುತ್ತದೆ.