ಕಾರುಗಳ ಸಂದೇಶಕ್ಕೆ ಎನ್‌ಕ್ರಿಪ್ಶನ್ ಹಾಕಿದರೆ ಸಾಕಾ?

ಕಾರುಗಳು ಒಂದಕ್ಕೊಂದು ರೇಡಿಯೋದಲ್ಲಿ ಕಳಿಸುವ ಸಂದೇಶಗಳನ್ನೆಲ್ಲ ಎಇಎಸ್ ಅನ್ನುವ ಗೂಢಲಿಪಿ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡುವುದು, ಅಂದರೆ ಕೀ ಇದ್ದವರಿಗೆ ಮಾತ್ರ ಓದಲಾಗುವಂತೆ ಮಾಡುವುದು, ನಿಮ್ಮ ಕೊನೇ ವರ್ಷದ ಪ್ರಾಜೆಕ್ಟ್ ಅಂತ ಬರೆದಿದ್ದೀರಿ. ಅಷ್ಟಾದರೆ ಸುರಕ್ಷತೆ ಮುಗಿಯಿತಾ, ಸ್ಪೆಕ್ಟ್ರಮ್ (ರೇಡಿಯೋ ಅಲೆಗಳಿಗೆ ಸಿಗುವ ಜಾಗ) ಕಡಿಮೆ ಇರುವುದಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಿದ್ದೀರಿ. ನಾನು ಕೆಲಸ ಮಾಡುವುದು ಇದೇ ಸಂದೇಶಗಳ ಸಾಫ್ಟ್‌ವೇರ್ ಮೇಲೆ. ಅದಕ್ಕೇ ನೇರವಾಗಿ ಹೇಳುತ್ತೇನೆ: ಎನ್‌ಕ್ರಿಪ್ಶನ್ ಬಿಡಿ. ಈ ಸಂದೇಶಗಳನ್ನು ಎಲ್ಲರೂ ಓದಲಿ ಅಂತಲೇ ಬಯಲಲ್ಲಿ ಕಳಿಸುತ್ತಾರೆ.

ಯಾಕೆ ಅಂತ ನೋಡೋಣ. ಪ್ರತಿ ಕಾರೂ ಸೆಕೆಂಡಿಗೆ 10 ಸಲದವರೆಗೆ ತಾನು ಎಲ್ಲಿದ್ದೇನೆ, ಎಷ್ಟು ವೇಗ, ಯಾವ ದಿಕ್ಕು, ಬ್ರೇಕ್ ಒತ್ತಿದೆಯಾ, ಗಾಡಿಯ ಉದ್ದ ಅಗಲ ಎಷ್ಟು ಅಂತ ಸುತ್ತಲೂ ಹೇಳುತ್ತಿರುತ್ತದೆ. ಅಮೆರಿಕದಲ್ಲಿ ಇದಕ್ಕೆ ಬಿಎಸ್‌ಎಂ ಅಂತಾರೆ, ಯುರೋಪಿನಲ್ಲಿ ಸಿಎಎಂ. ಇದನ್ನು ಕೇಳಬೇಕಾದವರು ಯಾರು? ಕೆಲವು ನೂರು ಮೀಟರ್ ಒಳಗಿರುವ ಪ್ರತಿಯೊಂದು ಗಾಡಿ. ತಿರುವಿನಾಚೆ ಬರುತ್ತಿರುವ ಲಾರಿಯನ್ನು ನಿಮ್ಮ ಕಾರು ಹಿಂದೆಂದೂ ಕಂಡಿಲ್ಲ, ಮುಂದೆಯೂ ಕಾಣಲಿಕ್ಕಿಲ್ಲ. ಅದರ ಜೊತೆ ಕೂತು ಕೀ ಹಂಚಿಕೊಳ್ಳುವುದಕ್ಕೆ ಸಮಯ ಎಲ್ಲಿದೆ? ಎಲ್ಲ ಕಾರಿಗೂ ಒಂದೇ ಕೀ ಕೊಟ್ಟರೋ, ಗುಜರಿಯಲ್ಲಿ ಒಂದು ಯೂನಿಟ್ ಕೊಂಡವನ ಕೈಗೂ ಆ ಕೀ ಬಂದಂತೆಯೇ. ತಿರುವಿನಲ್ಲಿ ಹಾರ್ನ್ ಹೊಡೆಯುವುದನ್ನು ಯಾರೂ ಗುಟ್ಟಾಗಿ ಮಾಡುವುದಿಲ್ಲ ಅಲ್ವಾ, ಇದೂ ಹಾಗೇ.

ಹಾಗಾದರೆ ಭಯ ಯಾವುದರದ್ದು? ಸುಳ್ಳಿನದ್ದು. ರಸ್ತೆ ಬದಿ ಲ್ಯಾಪ್‌ಟಾಪ್ ಹಿಡಿದು ಕೂತವನು "ನಾನೊಂದು ಕಾರು, ನಿಮ್ಮ ಮುಂದೆ 40 ಮೀಟರ್‌ನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದ್ದೇನೆ" ಅಂತ ಕಳಿಸಬಹುದು. ನಿನ್ನೆ ರೆಕಾರ್ಡ್ ಮಾಡಿಕೊಂಡ ನಿಜವಾದ ಸಂದೇಶವನ್ನೇ ಇವತ್ತು ಮತ್ತೆ ಬಿಡಬಹುದು. ಇದನ್ನು ತಡೆಯುವುದು ಡಿಜಿಟಲ್ ಸಹಿ, ಅಂದರೆ ಸಂದೇಶ ಯಾರದ್ದು, ನಡುವೆ ಬದಲಾಗಿಲ್ಲ ಅಂತ ಸಾಬೀತು ಮಾಡುವ ಗಣಿತದ ಗುರುತು. ವಾಹನ ಸಂದೇಶಗಳ ಭದ್ರತೆಗೆ ಇರುವ ಐಇಇಇ 1609.2 ಮಾನದಂಡ ಹೇಳುವುದೂ ಇದನ್ನೇ. ಸಂದೇಶ ಬಯಲಾಗಿರುತ್ತದೆ, ಆದರೆ ಅದರ ಕೆಳಗೆ ಇಸಿಡಿಎಸ್‌ಎ ಅನ್ನುವ ಬಗೆಯ ಸಹಿ ಇರುತ್ತದೆ. ಕಳಿಸಿದ ಸಮಯವೂ ಆ ಸಹಿಯ ಒಳಗೇ ಸೇರಿರುತ್ತದೆ. ಸಹಿ ಹಾಕಿದವರು ಅಸಲಿ ಅನ್ನುವುದಕ್ಕೆ ಒಂದು ಸರ್ಟಿಫಿಕೇಟ್ ಇರುತ್ತದೆ.

ನಿಮ್ಮ ಎರಡನೇ ಪ್ರಶ್ನೆ ಬರುವುದು ಇಲ್ಲಿ. ಕಾರು ಹೇಳಬೇಕಾದ ಮುಖ್ಯ ವಿಷಯ ಸುಮಾರು 40 ಬೈಟ್. ಸಹಿ 64 ಬೈಟ್. ಸರ್ಟಿಫಿಕೇಟ್ ಸೇರಿದರೆ ಅದರ ಮೇಲೆ ಇನ್ನೂ ನೂರಕ್ಕೂ ಜಾಸ್ತಿ. ಮಾತಿಗಿಂತ ಅದನ್ನು ನಂಬಿಸುವ ಖರ್ಚೇ ದೊಡ್ಡದು. ಆ ಖರ್ಚನ್ನು ಭರಿಸುವುದು ಎಲ್ಲರೂ ಹಂಚಿಕೊಳ್ಳುವ ಒಂದೇ ಚಾನೆಲ್.

ಆ ಚಾನೆಲ್ ಎಷ್ಟು ದೊಡ್ಡದು? ರೇಡಿಯೋ ಅಲೆಗಳನ್ನು ಹಂಚುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಸಿಸಿ 1999ರಲ್ಲಿ 5.9 ಗಿಗಾಹರ್ಟ್ಸ್ ಪಟ್ಟಿಯಲ್ಲಿ 75 ಮೆಗಾಹರ್ಟ್ಸ್ ಜಾಗವನ್ನು ವಾಹನಗಳಿಗೆ ಅಂತ ಎತ್ತಿಟ್ಟಿತು. ಇಪ್ಪತ್ತು ವರ್ಷ ಕಳೆದರೂ ರಸ್ತೆಯಲ್ಲಿ ಅದನ್ನು ಬಳಸುವ ಗಾಡಿಗಳು ತೀರಾ ಕಡಿಮೆ ಇದ್ದವು. 2020ರ ನವೆಂಬರ್‌ನಲ್ಲಿ ಎಫ್‌ಸಿಸಿ ಅದರಲ್ಲಿ ಕೆಳಗಿನ 45 ಮೆಗಾಹರ್ಟ್ಸ್ ತೆಗೆದು ವೈಫೈಗೆ ಕೊಟ್ಟಿತು. ವಾಹನಗಳಿಗೆ ಉಳಿದದ್ದು 30. ಇದನ್ನು ಕೋರ್ಟ್‌ನಲ್ಲಿ ಪ್ರಶ್ನಿಸಿದರು, 2022ರಲ್ಲಿ ಕೋರ್ಟ್ ಎಫ್‌ಸಿಸಿಯ ಪರವಾಗಿ ನಿಂತಿತು. ವಾಹನಗಳು ವೈಫೈ ಕುಟುಂಬದ ಹಳೆಯ ರೇಡಿಯೋ ಡಿಎಸ್‌ಆರ್‌ಸಿ ಬಿಟ್ಟು, ಮೊಬೈಲ್ ತಂತ್ರಜ್ಞಾನದಿಂದ ಬಂದ ಸಿ-ವಿ2ಎಕ್ಸ್‌ಗೆ ಬದಲಾಗಬೇಕು ಅಂತಲೂ ಎಫ್‌ಸಿಸಿ ತೀರ್ಮಾನಿಸಿತು. ಯುರೋಪಿನಲ್ಲಿ ವೈಫೈ ಕುಟುಂಬದ ರೇಡಿಯೋ ಇನ್ನೂ ಇದೆ. ಫೋಕ್ಸ್‌ವ್ಯಾಗನ್ ಗಾಲ್ಫ್‌ನ ಎಂಟನೇ ಪೀಳಿಗೆ ಅದನ್ನೇ ಹೊತ್ತು ಬಂತು. ವೈಫೈಗೆ ಜಾಗ ಬೇಕು ಅನ್ನುವ ವಾದ ನನಗೆ ಅರ್ಥವಾಗುತ್ತದೆ. ಆದರೂ 75ರಲ್ಲಿ 30 ಮಾತ್ರ ಉಳಿಸಿದ್ದು ಅವಸರದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಒಮ್ಮೆ ಬೇರೆಯವರಿಗೆ ಹೋದ ಸ್ಪೆಕ್ಟ್ರಮ್ ವಾಪಸ್ ಬರುವುದು ಬಹಳ ಕಷ್ಟ.

ಒಂದು ಲೆಕ್ಕ ಹಾಕಿ ನೋಡಿ. ಆ ವೈಫೈ ಕುಟುಂಬದ 802.11ಪಿ ರೇಡಿಯೋ, 10 ಮೆಗಾಹರ್ಟ್ಸ್ ಚಾನೆಲ್, ಸಾಮಾನ್ಯ ವೇಗ ಸೆಕೆಂಡಿಗೆ 6 ಮೆಗಾಬಿಟ್. ಸಹಿ, ಸರ್ಟಿಫಿಕೇಟ್ ಎಲ್ಲ ಸೇರಿ ಸಂದೇಶ 300 ಬೈಟ್ ಅಂತ ಇಟ್ಟುಕೊಳ್ಳಿ. ಒಂದು ಸಂದೇಶ ಗಾಳಿಯಲ್ಲಿರುವ ಹೊತ್ತು ಸುಮಾರು 0.44 ಮಿಲಿಸೆಕೆಂಡ್. ಸೆಕೆಂಡಿಗೆ 10 ಸಲ ಅಂದರೆ ಒಂದು ಕಾರಿಗೆ 4.4 ಮಿಲಿಸೆಕೆಂಡ್. 200 ಕಾರು ಸೇರಿದರೆ ಒಂದು ಸೆಕೆಂಡಿನಲ್ಲಿ 0.88 ಸೆಕೆಂಡ್ ಹೋಯಿತು. ಆರು ಲೇನಿನ ಹೆದ್ದಾರಿ ಜಾಮ್ ಆದರೆ ಅರ್ಧ ಕಿಲೋಮೀಟರ್‌ನಲ್ಲಿ 200ಕ್ಕಿಂತ ಎಷ್ಟೋ ಜಾಸ್ತಿ ಗಾಡಿಗಳಿರುತ್ತವೆ. ಚಾನೆಲ್ ಪೂರ್ತಿ ತುಂಬುವ ಮೊದಲೇ ಸಂದೇಶಗಳು ಒಂದರ ಮೇಲೊಂದು ಬಿದ್ದು ಹಾಳಾಗಲು ಶುರುವಾಗುತ್ತವೆ.

ಅದಕ್ಕೇ ಇಲ್ಲಿ ಒಂದೊಂದು ಬೈಟನ್ನೂ ಜಿಪುಣತನದಿಂದ ಖರ್ಚು ಮಾಡುತ್ತಾರೆ. ಸರ್ಟಿಫಿಕೇಟನ್ನು ಪ್ರತಿ ಸಲ ಪೂರ್ತಿ ಕಳಿಸುವುದಿಲ್ಲ. ಆಗಾಗ ಒಮ್ಮೆ ಪೂರ್ತಿ, ಮಿಕ್ಕ ಸಲ ಅದರ 8 ಬೈಟ್ ಗುರುತು ಮಾತ್ರ. ಇದರಲ್ಲೂ ಒಂದು ತೊಂದರೆ ಇದೆ. ಪೂರ್ತಿ ಸರ್ಟಿಫಿಕೇಟ್ ಹೊತ್ತ ಆ ಒಂದು ಸಂದೇಶ ತಪ್ಪಿಹೋದರೆ, ಮುಂದಿನದು ಬರುವವರೆಗೆ ಆ ಕಾರಿನ ಯಾವ ಮಾತನ್ನೂ ಪರೀಕ್ಷಿಸಲು ಆಗುವುದಿಲ್ಲ. ಕೇಳಿಸುತ್ತಿರುತ್ತದೆ, ನಂಬುವಂತಿಲ್ಲ. ಎದುರಿನಿಂದ ವೇಗವಾಗಿ ಬರುವ ಗಾಡಿಯ ವಿಷಯದಲ್ಲಿ ಆ ಅರ್ಧ, ಒಂದು ಸೆಕೆಂಡ್ ಬಹಳ ದೊಡ್ಡದು.

ದಟ್ಟಣೆ ಹೆಚ್ಚಾದಾಗ ಕಾರುಗಳು ಸಂದೇಶದ ಸಂಖ್ಯೆಯನ್ನೂ ತಾವೇ ಇಳಿಸಿಕೊಳ್ಳುತ್ತವೆ. ಸುತ್ತ ಗಾಡಿ ಎಷ್ಟಿವೆ, ಚಾನೆಲ್ ಎಷ್ಟು ಹೊತ್ತು ಬಿಡುವಿಲ್ಲದೆ ಇದೆ ಅಂತ ಅಳೆದು, ಸೆಕೆಂಡಿಗೆ 10 ಇದ್ದದ್ದನ್ನು ಎರಡು ಮೂರಕ್ಕೂ ತರುತ್ತವೆ. ಇದು ಒಳ್ಳೆಯ ಉಪಾಯ. ಆದರೆ ಭದ್ರತೆಯ ಕಣ್ಣಿನಿಂದ ನೋಡಿ: ಚಾನೆಲ್ ಬಿಡುವಿಲ್ಲ ಅನ್ನುವ ಆ ಅಳತೆಗೆ ಯಾವ ಸಹಿಯೂ ಇಲ್ಲ. ಗಾಳಿಯಲ್ಲಿ ಸುಮ್ನೆ ಕಸ ತುಂಬಿದರೂ ಸಾಕು, ಒಂದು ಸಹಿಯನ್ನೂ ಮುರಿಯದೆ, ಸುತ್ತಲಿನ ಎಲ್ಲ ಗಾಡಿಗಳನ್ನು ಕಡಿಮೆ ಮಾತಾಡುವಂತೆ ಮಾಡಬಹುದು. ಸಿ-ವಿ2ಎಕ್ಸ್‌ನಲ್ಲಿ ಇದೇ ಸಮಸ್ಯೆ ಬೇರೆ ರೂಪದಲ್ಲಿದೆ. ಅಲ್ಲಿ ಕಾರು ಚಾನೆಲ್‌ನಲ್ಲಿ ಖಾಲಿ ಕಾಣುವ ಒಂದು ಜಾಗವನ್ನು ಆರಿಸಿಕೊಂಡು, ಸ್ವಲ್ಪ ಹೊತ್ತು ಅದನ್ನೇ ಮತ್ತೆ ಮತ್ತೆ ಬಳಸುತ್ತದೆ. ಎರಡು ಕಾರುಗಳು ಆಕಸ್ಮಿಕವಾಗಿ ಒಂದೇ ಜಾಗ ಆರಿಸಿದರೆ, ಕಳಿಸುವ ಹೊತ್ತಿಗೆ ಕೇಳಲು ಆಗದ ಕಾರಣ, ಒಂದರ ಮಾತು ಇನ್ನೊಂದಕ್ಕೆ ಸಿಗುವುದಿಲ್ಲ. ಬೇಕಂತಲೇ ಕೆಡಿಸುವವನಿಗೂ ಅನುಕೂಲ. ಮುಂದಿನ ಸಂದೇಶ ಯಾವಾಗ ಬರುತ್ತದೆ ಅಂತ ಅವನಿಗೆ ಮೊದಲೇ ಗೊತ್ತಿರುತ್ತದಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಸಂದೇಶ ಬಯಲಾಗಿದೆ, ಪ್ರತಿ ಸಂದೇಶದ ಮೇಲೂ ಸಹಿ ಇದೆ. ಒಂದೇ ಸರ್ಟಿಫಿಕೇಟನ್ನು ಕಾರು ವರ್ಷಗಟ್ಟಲೆ ಬಳಸಿದರೆ, ನಾಲ್ಕು ಜಂಕ್ಷನ್‌ಗಳಲ್ಲಿ ರೇಡಿಯೋ ಇಟ್ಟವನಿಗೆ ನಿಮ್ಮ ಜೀವನವೇ ಸಿಕ್ಕಿತು. ಎಷ್ಟು ಗಂಟೆಗೆ ಮನೆ ಬಿಟ್ಟಿರಿ, ಯಾವ ಆಸ್ಪತ್ರೆಗೆ ಹೋದಿರಿ, ಎಲ್ಲ. ಅಪಘಾತ ತಪ್ಪಿಸುವ ಯಂತ್ರ ಜನರನ್ನು ಹಿಂಬಾಲಿಸುವ ಯಂತ್ರ ಆಗಬಾರದು. ಸರ್ಟಿಫಿಕೇಟ್ ಹಂಚುವ ಅಮೆರಿಕದ ಎಸ್‌ಸಿಎಂಎಸ್ ವ್ಯವಸ್ಥೆಯಲ್ಲಿ ಕಾರಿಗೆ ವಾರಕ್ಕೆ 20 ಗುಪ್ತ ಹೆಸರಿನ ಸರ್ಟಿಫಿಕೇಟ್ ಸಿಗುತ್ತವೆ. ಕೆಲವು ನಿಮಿಷಕ್ಕೊಮ್ಮೆ ಕಾರು ಬೇರೆಯದಕ್ಕೆ ಬದಲಾಯಿಸುತ್ತದೆ. ಆಗ ರೇಡಿಯೋ ವಿಳಾಸ, ಸಂದೇಶದ ತಾತ್ಕಾಲಿಕ ಐಡಿ ಎಲ್ಲವೂ ಒಟ್ಟಿಗೇ ಬದಲಾಗಬೇಕು. ಒಂದು ಹಳೆಯದಾಗಿ ಉಳಿದರೂ ಪ್ರಯತ್ನವೆಲ್ಲ ನೀರುಪಾಲು. ಸರ್ಟಿಫಿಕೇಟ್ ಕೊಡುವ ಕೆಲಸವನ್ನೂ ಬೇರೆ ಬೇರೆ ಕೈಗಳಿಗೆ ಹಂಚಿದ್ದಾರೆ. ಈ ಸರ್ಟಿಫಿಕೇಟ್ ಯಾವ ಕಾರಿನದ್ದು ಅಂತ ಯಾವ ಒಂದು ಕಚೇರಿಯೂ ಒಬ್ಬಂಟಿಯಾಗಿ ಹೇಳಲಾರದು.

ಕಾರೊಂದು ಕೆಟ್ಟು ಸುಳ್ಳು ಹೇಳಲು ಶುರುಮಾಡಿದರೆ ಅದನ್ನು ಹೊರಗಿಡಬೇಕಲ್ಲ? ವಾರಕ್ಕೆ 20ರಂತೆ ಮೂರು ವರ್ಷಕ್ಕೆ 3000 ದಾಟುತ್ತವೆ. ಒಂದು ಕಾರಿಗಾಗಿ 3000 ಹೆಸರು ಬರೆದ ಪಟ್ಟಿಯನ್ನು ಎಲ್ಲ ಗಾಡಿಗಳಿಗೂ ಕಳಿಸಲು ಆಗುವುದಿಲ್ಲ. ಎರಡು ಬೇರೆ ಸಂಸ್ಥೆಗಳು ಆ ಕಾರಿಗೆ ಸೇರಿದ ಒಂದೊಂದು ಚಿಕ್ಕ ಬೀಜಸಂಖ್ಯೆ ಬಿಟ್ಟುಕೊಡುತ್ತವೆ. ಎರಡನ್ನೂ ಸೇರಿಸಿದರೆ ಆ ಕಾರಿನ ಮುಂದಿನ ಸರ್ಟಿಫಿಕೇಟ್‌ಗಳನ್ನೆಲ್ಲ ಬೇರೆ ಕಾರುಗಳು ತಾವೇ ಲೆಕ್ಕ ಹಾಕಿ ಗುರುತಿಸುತ್ತವೆ. ಹಳೆಯವುಗಳನ್ನು ಮಾತ್ರ ಗುರುತಿಸಲಾರವು, ಹಾಗಾಗಿ ಆ ಮಾಲೀಕರ ಹಿಂದಿನ ಓಡಾಟ ಗುಟ್ಟಾಗಿಯೇ ಉಳಿಯುತ್ತದೆ. ಗೌಪ್ಯತೆಯೂ ಉಳಿಯಿತು, ಬೈಟೂ ಉಳಿಯಿತು. ಇಷ್ಟು ಅಂದವಾದ ಕ್ರಿಪ್ಟೋಗ್ರಫಿ ಕೆಲಸ ಎಂಜಿನಿಯರಿಂಗ್‌ನಲ್ಲಿ ಅಪರೂಪ.

ಆದರೆ 20 ಸರ್ಟಿಫಿಕೇಟ್ ಒಂದೇ ವಾರದಲ್ಲಿ ಚಾಲ್ತಿಯಲ್ಲಿರುವುದರಿಂದ, ಕೀಗಳನ್ನು ಕದ್ದವನು ಒಂದು ಕಾರನ್ನು 20 ಕಾರುಗಳಂತೆ ತೋರಿಸಬಹುದು. ಗೌಪ್ಯತೆಗಾಗಿ ತೆರೆದ ಬಾಗಿಲು ಇದು. ಸಹಿ ಸರಿಯಿದ್ದೂ ವಿಷಯ ಸುಳ್ಳಿರಬಹುದು, ಜಿಪಿಎಸ್ ಮೋಸ ಹೋದರೆ ಒಳ್ಳೆಯ ಕಾರೂ ತಪ್ಪು ಜಾಗ ಹೇಳುತ್ತದೆ. ಅದಕ್ಕೆ ಕೇಳುವ ಕಾರು ವಿವೇಚನೆ ಮಾಡಬೇಕು. 100 ಮಿಲಿಸೆಕೆಂಡಿನಲ್ಲಿ 50 ಮೀಟರ್ ಹಾರಿದ ಕಾರನ್ನು ನಂಬಬಾರದು. ಕ್ಯಾಮೆರಾ, ರಾಡಾರ್‌ಗೆ ಕಾಣಬೇಕಾದ ಜಾಗದಲ್ಲಿ ಏನೂ ಇಲ್ಲದಿದ್ದರೆ ಗಟ್ಟಿ ಬ್ರೇಕ್ ಹಾಕಬಾರದು. ಚಾನೆಲ್ಲನ್ನೇ ಗದ್ದಲದಿಂದ ಮುಚ್ಚುವ ಜಾಮಿಂಗ್‌ಗಂತೂ ಸಹಿ ಮದ್ದೇ ಅಲ್ಲ.

ನಿಮ್ಮ ಪ್ರಾಜೆಕ್ಟ್‌ಗೆ ನನ್ನ ಸಲಹೆ ಇದು. ಎಇಎಸ್ ಬದಲು ಕ್ವಾಂಟಮ್ ಕಂಪ್ಯೂಟರ್‌ಗೂ ಬಗ್ಗದ ಸಹಿಗಳನ್ನು ತಗೊಳ್ಳಿ. ಇಂದಿನ ಇಸಿಡಿಎಸ್‌ಎ ಸಹಿ ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದ ದಿನ ಮುರಿಯುತ್ತದೆ, ಕಾರುಗಳು ರಸ್ತೆಯಲ್ಲಿ 15 ವರ್ಷ ಇರುತ್ತವೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2024ರಲ್ಲಿ ಎಂಎಲ್-ಡಿಎಸ್‌ಎ ಅನ್ನುವ ಹೊಸ ಸಹಿಯನ್ನು ಮಾನದಂಡ ಮಾಡಿತು. ಅದರ ಅತಿ ಚಿಕ್ಕ ರೂಪದ ಸಹಿಯೇ 2420 ಬೈಟ್. ವೈಫೈ ಮಾನದಂಡದಲ್ಲಿ ಒಂದು ಸಾಮಾನ್ಯ ಪ್ಯಾಕೆಟ್ ಹೊರುವ ಮಿತಿ 2304 ಬೈಟ್. ಸಹಿಯೊಂದೇ ಅದರಲ್ಲಿ ಹಿಡಿಸುವುದಿಲ್ಲ! ಫಾಲ್ಕನ್ ಅನ್ನುವ ಇನ್ನೊಂದರ ಸಹಿ 666 ಬೈಟ್. ಅದೂ ಇಂದಿನದ್ದರ ಹತ್ತು ಪಟ್ಟು.

ಸುಮೋ ಅನ್ನುವ ಸಂಚಾರ ಸಿಮ್ಯುಲೇಟರ್‌ನಲ್ಲಿ ಒಂದು ಹೆದ್ದಾರಿ ಮಾಡಿ, ನೆಟ್‌ವರ್ಕ್ ಸಿಮ್ಯುಲೇಟರ್ ಓಮ್‌ನೆಟ್ ಪ್ಲಸ್ ಪ್ಲಸ್ ಮತ್ತು ಇವೆರಡನ್ನೂ ಬೆಸೆಯುವ ವೇನ್ಸ್ ಜೊತೆ ಜೋಡಿಸಿ. ಓದಿನ ಕೆಲಸಕ್ಕೆ ಮೂರೂ ಉಚಿತ. ಸಹಿಯ ಗಾತ್ರವನ್ನು 64ರಿಂದ ಮೇಲಕ್ಕೆ ಏರಿಸುತ್ತಾ ಹೋಗಿ, 150 ಮೀಟರ್ ದೂರದ ಕಾರಿಗೆ ಎಷ್ಟು ಸಂದೇಶ ತಲುಪಿತು ಅಂತ ಬರೆದಿಡಿ. ಅದನ್ನೇ 50 ಗಾಡಿಗೆ, 200ಕ್ಕೆ, 400ಕ್ಕೆ ಮಾಡಿ. ಮೊದಲು ಸಹಿ ಅನ್ನುವುದು ಗಾತ್ರದ ಬರೀ ಒಂದು ಸಂಖ್ಯೆಯಾಗಿದ್ದರೆ ಸಾಕು, ನಿಜವಾದ ಕ್ರಿಪ್ಟೋ ಕೋಡ್ ಆಮೇಲೆ ಸೇರಿಸಬಹುದು. ವೇನ್ಸ್ ಸೆಟಪ್‌ನಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಎರರ್ ಅನ್ನು ಹಾಗೇ ಕಾಪಿ ಮಾಡಿ ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ, ನೋಡಿ ಹೇಳುತ್ತೇನೆ.